ಇಂಗಳದಾಳಿನ ತಾಮ್ರದ ಗಣಿ

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ಮಾರ್ಗದಲ್ಲಿ, ತುಂಗಾನದಿಯ ದಡದಲ್ಲಿ, ಮಂಡಗದ್ದೆಯೆಂಬ ಊರಿರುವುದನ್ನು ಕೇಳುಗರಲ್ಲಿ ಅನೇಕರು ಬಲ್ಲರು. ಮಳೆಗಾಲದಲ್ಲಿ ಅಲ್ಲಿಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಗೂಡುಕಟ್ಟುವುದರಿಂದ ಆ ಊರು ಪ್ರಸಿದ್ಧವಾಗಿದೆ. ಆದರೆ ಇಂದು ನಾನು ಹೇಳಹೊರಟಿರುವುದು ಆ ಹಕ್ಕಿಗಳ ವಿಚಾರವಲ್ಲ. ಆ ಸೀಮೆಯ ಮನೆಗಳಿಗೂ ತೋಟಗಳಿಗೂ ಬೇಕಾದ ಒಂದು ಲೋಹದ ವಿಚಾರ. ಆ ಲೋಹವು ನೆಲದೊಳಗೆ ಹೇಗೆ ಕೂಡಿಬಂದಿತು, ಅದನ್ನು ನಮ್ಮವರು ಹೇಗೆ ತೆಗೆದರು, ತೆಗೆಯುವುದು ಏಕೆ ನಿಂತಿತು ಎಂಬ ವಿಚಾರ. ಆ ಲೋಹವೇ ತಾಮ್ರ.

ಮಲೆನಾಡಿನ ಅಡಿಕೆ ಬೆಳೆಗಾರನಿಗೆ ತಾಮ್ರವು ಎರಡು ಬಗೆಯಲ್ಲಿ ಬೇಕು. ಹಸಿಯಡಿಕೆಯನ್ನು ಸುಲಿದು, ಚೊಗರಿನೊಡನೆ ಬೇಯಿಸಿ, ಒಣಗಿಸಿ ಕೆಂಪಡಿಕೆಯನ್ನು ಮಾಡುವಾಗ ತಾಮ್ರದ ಹಂಡೆಯನ್ನು ಬಳಸುವುದು ಆ ನಾಡಿನ ವಾಡಿಕೆ. ಒಮ್ಮೆ ಕೊಂಡ ಹಂಡೆ ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೆ ಬರುತ್ತದೆ. ಇನ್ನೊಂದು ಬಗೆ ಮೈಲುತುತ್ತ. ಮೈಲುತುತ್ತವೆಂದರೆ ತಾಮ್ರಕ್ಕೂ ಗಂಧಕಾಮ್ಲಕ್ಕೂ ಸಂಯೋಗವಾಗಿ ಹುಟ್ಟಿದ ನೀಲಿಯ ಹರಳು. ಮಳೆ ಹಿಡಿದೊಡನೆ ಅಡಿಕೆಯ ಗೊನೆಗಳಿಗೆ ತಗಲುವ ಕೊಳೆರೋಗಕ್ಕೆ ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟುವುದೇ ಉಪಾಯವಾಗಿತ್ತು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್‌ಮನ್ ಎಂಬ ವಿಜ್ಞಾನಿಯು ಈ ರೋಗವನ್ನು ಪರಿಶೋಧಿಸಿ ೧೯೧೦ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು. ಫ್ರಾನ್ಸಿನ ದ್ರಾಕ್ಷಿಯ ತೋಟಗಳಲ್ಲಿ ಆ ಮೊದಲೇ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೂ ಸಿಂಪಡಿಸುವ ಕ್ರಮವು ಅಂದಿನಿಂದ ಹರಡಿತು. ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರ್ ನೀರು: ಇದೇ ಆ ದ್ರಾವಣದ ಲೆಕ್ಕ. ಇಂದಿಗೂ ತೋಟಗಳಲ್ಲಿ ಇದರ ಬಳಕೆ ನಿಂತಿಲ್ಲ.

ಹೀಗೆ ಹಂಡೆಯಾಗಿ ಬಂದ ತಾಮ್ರವೂ ಹರಳಾಗಿ ಬಂದ ತಾಮ್ರವೂ ಮೊದಲು ಎಲ್ಲಿಯೋ ಕಲ್ಲಿನಲ್ಲಿದ್ದುದೇ ಸರಿ. ಆ ಕಲ್ಲನ್ನು ನಮ್ಮ ನಾಡಿನಲ್ಲಿ ಕಣ್ಣಾರೆ ಕಾಣಬೇಕಾದರೆ ತುಂಗೆಯ ತೀರವನ್ನು ಬಿಟ್ಟು ಪೂರ್ವಕ್ಕೆ ಹೊರಡಬೇಕು. ಶಿವಮೊಗ್ಗೆಯನ್ನೂ ಭದ್ರಾನದಿಯ ಬಯಲನ್ನೂ ದಾಟಿ ಹೋದಂತೆಲ್ಲ ಮಳೆ ಕಡಿಮೆಯಾಗುತ್ತದೆ, ಮರಗಳು ಗಿಡ್ಡವಾಗುತ್ತವೆ, ಕೊನೆಗೆ ಕುರುಚಲು ಕಾಡಿನ ಬೋಳುಗುಡ್ಡಗಳು ಎದುರಾಗುತ್ತವೆ. ಅದೇ ಚಿತ್ರದುರ್ಗದ ಸೀಮೆ. ದುರ್ಗದ ಪಟ್ಟಣಕ್ಕೆ ಆಗ್ನೇಯವಾಗಿ ಕೆಲವೇ ಮೈಲಿಗಳ ದೂರದಲ್ಲಿ ಇಂಗಳದಾಳ್ ಎಂಬ ಗ್ರಾಮವಿದೆ. ಕರ್ನಾಟಕದಲ್ಲಿ ತಾಮ್ರದ ಅದಿರಿಗೆ ಹೆಸರಾದ ಎಡೆಗಳಲ್ಲಿ ಇದು ಮುಖ್ಯವಾದುದು. ಹಾಸನ ಜಿಲ್ಲೆಯ ಕಲ್ಯಾಡಿ, ಸುರಪುರದ ಕಡೆಯ ತಿಂಥಿಣಿ ಇವೂ ತಾಮ್ರಕ್ಕೆ ಹೆಸರಾದ ಸ್ಥಳಗಳೇ. ಆದರೂ ಒಂದು ನಿಕ್ಷೇಪದ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ತಿಳಿಯಬೇಕೆನ್ನುವವರಿಗೆ ಇಂಗಳದಾಳೇ ಒಳ್ಳೆಯ ಪಾಠಶಾಲೆ.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ತಾಮ್ರವು ಇಲ್ಲದ ಸ್ಥಳವೇ ಭೂಮಿಯ ಮೇಲೆ ಅಪೂರ್ವ. ನಮ್ಮ ಮನೆಯ ಹಿತ್ತಲಿನ ಮಣ್ಣಿನಲ್ಲಿಯೂ, ಕಟ್ಟಡದ ಕಲ್ಲಿನಲ್ಲಿಯೂ ಅದು ಉಂಟು. ಆದರೆ ಎಷ್ಟು? ಭೂಮಿಯ ಹೊರಪದರದಲ್ಲಿ ಸರಾಸರಿಯಾಗಿ ಹತ್ತುಲಕ್ಷ ಪಾಲು ಕಲ್ಲಿಗೆ ಸುಮಾರು ಐವತ್ತು ಪಾಲು ಮಾತ್ರ. ಆ ಪ್ರಮಾಣದಲ್ಲಿ ಚದರಿರುವ ಲೋಹವನ್ನು ತೆಗೆಯಹೊರಟರೆ ಕುಬೇರನೂ ದಿವಾಳಿಯಾಗಬೇಕು. ಇಂಗಳದಾಳಿನಂತಹ ಗಣಿಯಲ್ಲಿಯಾದರೋ ನೂರು ಪಾಲು ಕಲ್ಲಿಗೆ ತಾಮ್ರವು ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಕೇಳುವುದಕ್ಕೆ ಇದು ಅತ್ಯಲ್ಪವೆಂದು ತೋರಬಹುದು. ಆದರೆ ಸಾಮಾನ್ಯವಾದ ಕಲ್ಲಿಗೆ ಹೋಲಿಸಿದರೆ ಇದು ಸುಮಾರು ಇನ್ನೂರರಷ್ಟು. ಅದಿರೆಂಬ ಮಾತಿನ ತಿರುಳು ಇದೇ. ಚದರಿದ್ದುದು ಒಂದೆಡೆ ಕೂಡಿಬಂದರೆ ಅದಿರು; ಕೂಡದಿದ್ದರೆ ಬರಿಯ ಕಲ್ಲು. ಹಾಗಾದರೆ ಇನ್ನೂರರಷ್ಟು ಕೂಡಿಸಿದವರು ಯಾರು, ಹೇಗೆ ಕೂಡಿಸಿದರು ಎಂಬುದೇ ಭೂವಿಜ್ಞಾನಿಯ ಪ್ರಶ್ನೆ.

ಚಿತ್ರದುರ್ಗದ ಕೋಟೆಯು ನಿಂತಿರುವ ಬಂಡೆಗಳು ಗ್ರಾನೈಟ್ ಜಾತಿಯವು. ಉಂಡೆಯುಂಡೆಯಾಗಿ, ಒಂದರ ಮೇಲೊಂದು ಒರಗಿಕೊಂಡಂತೆ ಕಾಣುತ್ತವೆ. ಅವನ್ನು ಬಿಟ್ಟು ಇಂಗಳದಾಳಿನ ಕಡೆಗೆ ಹೋದರೆ ಕಲ್ಲಿನ ಬಣ್ಣವೂ ಗುಡ್ಡದ ಆಕಾರವೂ ಬದಲಾಗುತ್ತವೆ. ಹಸುರು ಛಾಯೆಯ ಕಪ್ಪುಕಲ್ಲು, ಪದರಪದರವಾಗಿ ಬಿರಿಯುವ ಕಲ್ಲು, ಉದ್ದಕ್ಕೆ ಹರಿದ ಸಾಲುಗುಡ್ಡಗಳು. ಈ ಬಗೆಯ ಶಿಲೆಗಳಿಗೆ ೧೮೮೦ರ ದಶಕದಲ್ಲಿ ಭಾರತೀಯ ಭೂಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಎಂಬವನು ಧಾರವಾಡ ಶಿಲೆಗಳೆಂದು ಹೆಸರಿಟ್ಟನು. ಧಾರವಾಡ ಶಿಲೆಗಳ ಪಟ್ಟಿಗಳು ನಮ್ಮ ನಾಡಿನಲ್ಲಿ ತೆಂಕಣಿಂದ ಬಡಗಣಕ್ಕೆ ಸೆರಗಿನ ಅಂಚುಗಳಂತೆ ಹಾದುಹೋಗಿವೆ. ಅವುಗಳಲ್ಲಿ ಒಂದು ಶಿವಮೊಗ್ಗೆಯ ಪಟ್ಟಿ. ಇನ್ನೊಂದು ಶ್ರೀರಂಗಪಟ್ಟಣದ ಕಡೆಯಿಂದ ಚಿತ್ರದುರ್ಗದ ಮೇಲೆ ಹಾದು ಗದಗಿನವರೆಗೆ ನಾನೂರು ಕಿಲೋಮೀಟರಿಗೂ ಮಿಕ್ಕು ಹಬ್ಬಿರುವ ಚಿತ್ರದುರ್ಗದ ಪಟ್ಟಿ. ಗದಗಿನ ಚಿನ್ನವೂ ಇಂಗಳದಾಳಿನ ತಾಮ್ರವೂ ಈ ಎರಡನೆಯ ಪಟ್ಟಿಯ ಸ್ವತ್ತುಗಳು.

ಇಂಗಳದಾಳಿನ ಹಸುರುಗಪ್ಪು ಕಲ್ಲು ಹುಟ್ಟಿ ಸುಮಾರು ೨೭೦ ಕೋಟಿ ವರ್ಷಗಳಾದುವು. ಅಂದು ಅಲ್ಲಿ ಗುಡ್ಡವಿರಲಿಲ್ಲ, ಸಮುದ್ರವಿತ್ತು. ಅದರ ತಳವು ಬಿರಿದು ಒಳಗಿನ ಶಿಲಾರಸವು ಹೊರಕ್ಕೆ ಉಕ್ಕಿತು. ಈ ಮಾತಿಗೆ ಸಾಕ್ಷಿಯೇನೆಂದು ಕೇಳಬಹುದು. ಚಿತ್ರದುರ್ಗದ ಆಗ್ನೇಯಕ್ಕಿರುವ ಮರಡಿಹಳ್ಳಿಯಲ್ಲಿ ಆ ಸಾಕ್ಷಿಯು ಬಯಲಿನಲ್ಲಿಯೇ ನಿಂತಿದೆ. ಕುದಿಯುವ ಶಿಲಾರಸವು ನೀರಿನೊಳಗೆ ಹೊರಬಿದ್ದಾಗ ಅದರ ಹೊರಮೈ ಕ್ಷಣಮಾತ್ರದಲ್ಲಿ ಗಟ್ಟಿಯಾಗುತ್ತದೆ. ಒಳಗಿನ ರಸವು ಆ ಚಿಪ್ಪನ್ನು ಒಡೆದು ಮತ್ತೊಂದು ಉಂಡೆಯಾಗಿ ಚಾಚುತ್ತದೆ. ಹೀಗೆ ಉಂಡೆಯ ಮೇಲೆ ಉಂಡೆ ಕೂತು, ದಿಂಬುಗಳನ್ನು ಒಟ್ಟಿದಂತೆ ಕಾಣುತ್ತದೆ. ಒಣನೆಲದ ಮೇಲೆ ಹರಿದ ಶಿಲಾರಸಕ್ಕೆ ಈ ರೂಪವು ಬರುವುದಿಲ್ಲ. ಮರಡಿಹಳ್ಳಿಯ ಈ ದಿಂಬುಶಿಲೆಗಳನ್ನು ಭೂಸರ್ವೇಕ್ಷಣ ಇಲಾಖೆಯವರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ಬೇಲೂರು ಹಳೆಬೀಡುಗಳ ಶಿಲ್ಪವನ್ನು ನೋಡಲು ಹೋಗುವ ನಮ್ಮ ಜನರು ಪ್ರಕೃತಿಯೇ ಕಡೆದ ಈ ಶಿಲ್ಪವನ್ನೂ ಒಮ್ಮೆ ನೋಡಿಬರುವುದು ಲೇಸು.

ಇಂತಹ ಬಿಸಿಯಾದ ಕಡಲತಳದ ಬಿರುಕುಗಳಲ್ಲಿ ಸಮುದ್ರದ ನೀರು ಕೆಳಗಿಳಿದು, ಕಾದು, ಕಲ್ಲಿನಲ್ಲಿ ಚದರಿರುವ ತಾಮ್ರ, ಸತು, ಕಬ್ಬಿಣ ಮೊದಲಾದ ಲೋಹಗಳನ್ನು ತನ್ನಲ್ಲಿ ಕರಗಿಸಿಕೊಂಡು ಮತ್ತೆ ಮೇಲಕ್ಕೆ ಚಿಮ್ಮುತ್ತದೆ. ತಣ್ಣೀರು ತಗಲಿದೊಡನೆ ಲೋಹಗಳು ಗಂಧಕದೊಡನೆ ಕೂಡಿ ಕೆಳಗೆ ನಿಲ್ಲುತ್ತವೆ. ಇದು ಕೇವಲ ಊಹೆಯಾಗಿ ಉಳಿದಿಲ್ಲ. ೧೯೭೯ರಲ್ಲಿ ಪೆಸಿಫಿಕ್ ಸಾಗರದ ತಳಕ್ಕೆ ಇಳಿದ ವಿಜ್ಞಾನಿಗಳು ೩೫೦ ಡಿಗ್ರಿಗೂ ಮೇಲಾದ ಉಷ್ಣತೆಯ ನೀರು ಕರಿಯ ಹೊಗೆಯಂತೆ ಚಿಮ್ಮುತ್ತ, ಲೋಹದ ಅದಿರನ್ನು ಕಟ್ಟುತ್ತಿರುವುದನ್ನು ಕಣ್ಣಾರೆ ಕಂಡರು. ಇಂಗಳದಾಳಿನ ತಾಮ್ರವು ಮೊದಲು ಕೂಡಿದ್ದು ಇಂತಹ ಕ್ರಿಯೆಯಿಂದಲೆಂಬುದು ಒಂದು ಪಕ್ಷ. ಅನಂತರದ ಕಾಲದಲ್ಲಿ ಭೂಮಿಯ ಒತ್ತಡದಿಂದ ಶಿಲೆಗಳು ಮಡಿಚಿ, ಸವೆದು ಸೀಳಿದಾಗ, ಆ ಸೀಳುಗಳಲ್ಲಿ ಹಾದ ಬಿಸಿನೀರು ಅದನ್ನು ತಂದು ನೆಲೆಗೊಳಿಸಿತೆಂಬುದು ಇನ್ನೊಂದು ಪಕ್ಷ. ಎರಡೂ ನಡೆದಿರಬಹುದೆಂದು ಹೇಳುವವರೂ ಉಂಟು. ಪಕ್ಷಗಳು ಹೇಗಾದರೂ ಇರಲಿ. ಇಂದು ಅದಿರು ಕಾಣುವುದು ಸೀಳಿದ ವಲಯಗಳಲ್ಲಿ, ಬೆಣಚುಕಲ್ಲಿನ ಮತ್ತು ಸುಣ್ಣದ ಜಾತಿಯ ಖನಿಜಗಳ ಎಳೆಗಳೊಡನೆ, ಕಿರಿದಾದ ಪಟ್ಟೆಗಳಾಗಿ. ಈ ಪಟ್ಟೆಗಳು ಕಿರಿದೆಂಬ ಸಂಗತಿಯನ್ನು ನೆನಪಿಡಿರಿ. ಗಣಿಯ ಮುಂದಿನ ಹಣೆಬರಹವು ಇದರಲ್ಲಿಯೇ ಇದೆ.

ಇಲ್ಲಿಯ ಮುಖ್ಯವಾದ ತಾಮ್ರದ ಖನಿಜಕ್ಕೆ ಚಾಲ್ಕೋಪೈರೈಟ್ ಎಂದು ಹೆಸರು. ಆಯುರ್ವೇದವನ್ನು ಬಲ್ಲವರಿಗೆ ಇದು ಹೊಸದಲ್ಲ. ರಸಶಾಸ್ತ್ರದಲ್ಲಿ ಇದನ್ನೇ ಸ್ವರ್ಣಮಾಕ್ಷಿಕವೆಂದು ಕರೆದಿದ್ದಾರೆ. ಹಿತ್ತಾಳೆಯಂತೆ ಹಳದಿಯಾಗಿ ಹೊಳೆಯುವ ಈ ಕಲ್ಲಿನಲ್ಲಿ ನೂರಕ್ಕೆ ಸುಮಾರು ೩೪ ಪಾಲು ತಾಮ್ರ. ಉಳಿದುದು ಕಬ್ಬಿಣವೂ ಗಂಧಕವೂ. ಇದರೊಡನೆ ಕಬ್ಬಿಣ ಗಂಧಕಗಳ ಇತರ ಖನಿಜಗಳೂ, ಅಲ್ಪವಾಗಿ ಸತು ಸೀಸಗಳ ಖನಿಜಗಳೂ ಕೂಡಿಕೊಂಡಿವೆ. ಹೊಳೆಯುವ ಹಳದಿಕಲ್ಲನ್ನು ಕಂಡೊಡನೆ ಚಿನ್ನವೆಂದು ಎದೆ ಹಾರುವವರಿಗೆ ಒಂದು ಸುಲಭವಾದ ಪರೀಕ್ಷೆಯನ್ನು ಹೇಳುತ್ತೇನೆ. ಚೂರಿಯ ಮೊನೆಯಿಂದ ಗೀರಿದರೆ ಸ್ವರ್ಣಮಾಕ್ಷಿಕವು ಗೀರಿ ಪುಡಿಯಾಗುತ್ತದೆ, ಆ ಪುಡಿಯ ಬಣ್ಣ ಹಸುರುಗಪ್ಪು. ಬರಿಯ ಕಬ್ಬಿಣ ಗಂಧಕಗಳ ಪೈರೈಟ್ ಚೂರಿಗೆ ಜಗ್ಗುವುದಿಲ್ಲ. ಚಿನ್ನವಾದರೋ ಪುಡಿಯಾಗದೆ ಬಾಗುತ್ತದೆ, ಬಡಿದರೆ ತಗಡಾಗುತ್ತದೆ.

ಇನ್ನು ಮಳೆಯ ಕೆಲಸವನ್ನು ನೋಡೋಣ. ಮಂಡಗದ್ದೆಯ ಸುತ್ತಿನವರಿಗೆ ಜಂಬಿಟ್ಟಿಗೆಯ ಕಲ್ಲು ಚೆನ್ನಾಗಿ ಗೊತ್ತು. ಸಹಸ್ರಾರು ವರ್ಷಗಳ ಮಳೆಯು ಕಲ್ಲಿನಲ್ಲಿ ಕರಗತಕ್ಕುದನ್ನೆಲ್ಲ ತೊಳೆದೊಯ್ದು, ಕರಗದ ಕಬ್ಬಿಣದ ತುಕ್ಕನ್ನು ಕೆಂಪಾಗಿ ಉಳಿಸಿದ್ದರಿಂದ ಆದ ಕಲ್ಲು ಅದು. ಇದೇ ಬಗೆಯ ಕ್ರಿಯೆಯು ಇಂಗಳದಾಳಿನಂತಹ ಅದಿರಿನ ಪಟ್ಟೆಯ ತಲೆಯ ಮೇಲೂ ನಡೆಯುತ್ತದೆ. ಮಳೆಯ ನೀರೂ ಗಾಳಿಯೂ ಸ್ವರ್ಣಮಾಕ್ಷಿಕದ ಮೇಲೆ ಕೆಲಸಮಾಡಿದಾಗ ಕಬ್ಬಿಣವು ಕಂದುಬಣ್ಣದ ತುಕ್ಕಿನ ಟೊಪ್ಪಿಗೆಯಾಗಿ ಮೇಲೆ ನಿಲ್ಲುತ್ತದೆ, ಗಂಧಕವು ಆಮ್ಲವಾಗುತ್ತದೆ, ತಾಮ್ರವು ಆ ಆಮ್ಲದಲ್ಲಿ ಕರಗಿ ನೀಲಿಯ ನೀರಾಗಿ ಕೆಳಕ್ಕೆ ಇಳಿಯುತ್ತದೆ. ಆ ನೀಲಿಯ ನೀರು ಬೇರೆ ಯಾವುದೂ ಅಲ್ಲ, ಅಡಿಕೆಯ ತೋಟಕ್ಕೆ ಎರಚುವ ಮೈಲುತುತ್ತದ ನೀರೇ. ಅದರಲ್ಲಿ ಕಬ್ಬಿಣದ ಚೂರಿಯನ್ನು ಅದ್ದಿದರೆ ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕೂರುವುದನ್ನು ಶಾಲೆಯ ಹುಡುಗರೂ ಕಂಡಿರುತ್ತಾರೆ. ಇಳಿಯುವ ನೀರು ಸುಣ್ಣದ ಅಂಶವನ್ನು ಸಂಧಿಸಿದರೆ ತಾಮ್ರವು ಮಲಕೈಟ್ ಎಂಬ ಹಸುರುಖನಿಜವಾಗಿ ನಿಲ್ಲುತ್ತದೆ. ಇನ್ನೂ ಕೆಳಗೆ, ಬಾವಿಯ ನೀರಿನ ಮಟ್ಟದಲ್ಲಿ, ಕೆಡದ ಅದಿರನ್ನು ಸಂಧಿಸಿದರೆ ಅದರ ಮೇಲೆ ಮತ್ತೆ ಸಾಂದ್ರವಾಗಿ ಕೂರುತ್ತದೆ. ಹೀಗೆ ಸಮುದ್ರತಳದಲ್ಲಿ ಒಮ್ಮೆ ಕೂಡಿದ್ದನ್ನು ಮಳೆಯು ಎರಡನೆಯ ಬಾರಿ ಕೂಡಿಸುತ್ತದೆ. ಕಂದುಬಣ್ಣದ ಟೊಪ್ಪಿಗೆಯೂ ಹಸುರುಕಲೆಯೂ ಕೆಳಗಿನ ನಿಧಿಗೆ ಮೇಲಿಟ್ಟ ಗುರುತುಗಳು.

ಈ ಗುರುತುಗಳನ್ನು ಮೊದಲು ಓದಿದವರು ಕಾಲೇಜುಗಳಲ್ಲಿ ಕಲಿತವರಲ್ಲ. ಇಂಗಳದಾಳಿನ ಗುಡ್ಡಗಳಲ್ಲಿ ಪೂರ್ವಕಾಲದವರು ತೋಡಿದ ಗುಂಡಿಗಳೂ ಹಳ್ಳಗಳೂ ಇದ್ದುವು. ಅನಂತರ ಬಂದ ಶೋಧಕರಿಗೆ ದಾರಿ ತೋರಿಸಿದುದು ಅವೇ. ಕೋಲಾರದಲ್ಲಿಯೂ ಹಟ್ಟಿಯಲ್ಲಿಯೂ ಹೊಸ ಗಣಿಗಳು ಹುಟ್ಟಿದ್ದು ಹಳೆಯ ತೋಡುಗಳ ಮೇಲೆಯೇ. ಹಟ್ಟಿಯ ಹಳೆಯ ಗಣಿಗಾರರು ೬೪೦ ಅಡಿಗಳ ಆಳದವರೆಗೆ ಇಳಿದಿದ್ದರೆಂಬುದೂ, ಅಲ್ಲಿ ದೊರೆತ ಮರದ ತುಂಡಿನ ಪರೀಕ್ಷೆಯಿಂದ ಆ ಕೆಲಸವು ಸುಮಾರು ೨೦೦೦ ವರ್ಷಗಳಷ್ಟು ಹಿಂದಿನದೆಂಬುದೂ ತಿಳಿದುಬಂದಿವೆ. ಸಿಡಿಮದ್ದಿಲ್ಲದ ಆ ಕಾಲದಲ್ಲಿ ಕಲ್ಲಿಗೆ ಸೌದೆಯೊಡ್ಡಿ ಬೆಂಕಿಯಿಟ್ಟು ಕಾಯಿಸಿ, ನೀರೆರಚಿ ಬಿರಿಸಿ, ಬಿರಿದುದನ್ನು ಕಲ್ಲುಗುಂಡಿನಿಂದಲೂ ಉಳಿಯಿಂದಲೂ ಬಿಡಿಸುತ್ತಿದ್ದರು. ತಾಮ್ರದ ವಿಷಯದಲ್ಲಿ ಅವರಿಗೆ ಒಂದು ಅನುಕೂಲವಿತ್ತು. ಮೇಲಿನ ಹಸುರು ಅದಿರನ್ನು ಇದ್ದಲಿನೊಡನೆ ಕುಲುಮೆಯಲ್ಲಿಟ್ಟು ತಿದಿಯೂದಿದರೆ ತಾಮ್ರವು ನೇರವಾಗಿ ಇಳಿಯುತ್ತದೆ. ತಾಮ್ರವು ಕರಗುವುದಕ್ಕೆ ೧೦೮೫ ಡಿಗ್ರಿಗಳ ಉಷ್ಣತೆ ಬೇಕು. ಒಳ್ಳೆಯ ಇದ್ದಲೂ ತಿದಿಯೂ ಇದ್ದರೆ ಅದು ಅಸಾಧ್ಯವಲ್ಲ. ಆದರೆ ಕೆಳಗಿನ ಹಳದಿ ಅದಿರಿನ ಗಂಧಕವನ್ನು ಮೊದಲು ಸುಟ್ಟು ಕಳೆಯಬೇಕು. ಅದು ಹೆಚ್ಚು ತೊಡಕಿನ ಕೆಲಸ. ಇದಲ್ಲದೆ ಆ ಆಳದಲ್ಲಿ ನೀರೂ ಒಸರತೊಡಗುತ್ತದೆ. ಇಂತಹ ನಿಕ್ಷೇಪಗಳಲ್ಲಿ ಹಳಬರು ಮೇಲುಭಾಗವನ್ನು ತೆಗೆದು ಕೆಳಭಾಗವನ್ನು ಬಿಟ್ಟುಹೋಗುವುದಕ್ಕೆ ಸಾಮಾನ್ಯವಾಗಿ ಇವೆರಡೇ ಕಾರಣಗಳು.

ಈ ಸೀಮೆಯು ಪ್ರಾಚೀನ ಕಾಲದಲ್ಲಿ ನಿರ್ಜನವಾಗಿರಲಿಲ್ಲ. ಇದೇ ಜಿಲ್ಲೆಯ ಮೊಳಕಾಲ್ಮೂರಿನ ಬಳಿಯ ಬ್ರಹ್ಮಗಿರಿಯಲ್ಲಿ ೧೮೯೨ರಲ್ಲಿ ಬಿ. ಎಲ್. ರೈಸ್ ಅವರಿಗೆ ಅಶೋಕನ ಶಾಸನವು ದೊರೆಯಿತು. ಅದರಲ್ಲಿ ಸುವರ್ಣಗಿರಿಯಿಂದ ಇಸಿಲವೆಂಬ ಪಟ್ಟಣದ ಅಧಿಕಾರಿಗಳಿಗೆ ಬಂದ ಆಜ್ಞೆಯಿದೆ. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯನ್ನು ೧೯೨೯ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರೂ, ೧೯೪೭ರಲ್ಲಿ ವ್ಹೀಲರ್ ಅವರೂ ಅಗೆಸಿದರು. ಸಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮಿನ ಬೆಳ್ಳಿಯ ನಾಣ್ಯಗಳೂ ಅಲ್ಲಿ ಸಿಕ್ಕಿವೆ. ಅಂದರೆ ಇಂಗಳದಾಳಿನಿಂದ ಒಂದು ಹಗಲಿನಲ್ಲಿ ನಡೆದುಹೋಗಬಹುದಾದ ಪಟ್ಟಣದಲ್ಲಿ ಲೋಹದ ವ್ಯವಹಾರವು ಬಲವಾಗಿ ನಡೆದಿತ್ತು. ಇಷ್ಟರಿಂದಲೇ ಅಲ್ಲಿಯ ನಾಣ್ಯವೂ ಪಾತ್ರೆಯೂ ಈ ಗುಡ್ಡದ ಲೋಹದಿಂದಲೇ ಆದುವೆಂದು ಸಾಧಿಸಿದಂತಾಗಲಿಲ್ಲ; ಆದರೆ ಲೋಹವನ್ನು ಕೊಳ್ಳುವವರು ಹತ್ತಿರವೇ ಇದ್ದರೆಂಬುದರಲ್ಲಿ ಸಂದೇಹವಿಲ್ಲ. ಮಾತಿನ ಚರಿತ್ರೆಯೂ ಇದಕ್ಕೆ ಒಪ್ಪುತ್ತದೆ. ನಾವು ಇಂದು ನೀರು ಕುಡಿಯುವ ಪಾತ್ರೆಗೆ ಚೆಂಬು ಎನ್ನುತ್ತೇವೆ. ಕೆಂಪೆಂಬುದರ ನಂಟಾದ ಈ ಮಾತು ದಕ್ಷಿಣದ ಭಾಷೆಗಳಲ್ಲಿ ಆ ಲೋಹದ ಹೆಸರೇ ಆಗಿತ್ತು. ದಾನಕೊಟ್ಟ ರಾಜರು ಮಾತು ಅಳಿಯಬಾರದೆಂದು ಬರೆಯಿಸಿದುದೂ ತಾಮ್ರದ ಪಟದ ಮೇಲೆಯೇ.

ಆಧುನಿಕ ಕಾಲದ ಕಥೆಯು ೧೮೯೪ರಲ್ಲಿ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆಯು ಸ್ಥಾಪಿತವಾದಂದಿನಿಂದ ಆರಂಭವಾಗುತ್ತದೆ. ಆ ಇಲಾಖೆಯ ಡಾಕ್ಟರ್ ಸ್ಮೀತ್ ಮತ್ತು ಸಂಪತ್ ಅಯ್ಯಂಗಾರ್ ಅವರು ೧೯೧೬ರಲ್ಲಿ ಸಂಸ್ಥಾನದ ಖನಿಜಸಂಪತ್ತನ್ನು ಕುರಿತು ಗ್ರಂಥವೊಂದನ್ನು ಹೊರತಂದರು. ಹಳ್ಳಿಹಳ್ಳಿ ತಿರುಗಿ, ಹಳೆಯ ತೋಡುಗಳನ್ನು ಗುರುತಿಸಿ, ನಕಾಶೆಗಳನ್ನು ಬರೆದಿಟ್ಟ ಆ ಇಲಾಖೆಯವರ ಶ್ರಮದ ಫಲವನ್ನು ಮುಂದಿನ ತಲೆಮಾರು ಉಂಡಿತು. ಸ್ವಾತಂತ್ರ್ಯಾನಂತರ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಭೂಮಿಯನ್ನು ಕೊರೆದು ಪರೀಕ್ಷಿಸಿ, ಇಂಗಳದಾಳಿನಲ್ಲಿ ಕ್ರಮವಾದ ಗಣಿಯನ್ನು ತೆರೆದರು. ಅದಕ್ಕಾಗಿ ಚಿತ್ರದುರ್ಗ ತಾಮ್ರ ಕಂಪನಿಯು ಏರ್ಪಟ್ಟಿತು. ತರುವಾಯ ಆ ಗಣಿಯು ಹಟ್ಟಿ ಚಿನ್ನದ ಗಣಿಗಳ ಕಂಪನಿಯ ಆಡಳಿತಕ್ಕೆ ಸೇರಿತು.

ಗಣಿಯಿಂದ ಮೇಲೆ ಬಂದ ಕಲ್ಲು ಇನ್ನೂ ತಾಮ್ರವಲ್ಲ. ನೂರು ಪಾಲಿನಲ್ಲಿ ತೊಂಬತ್ತೊಂಬತ್ತರ ಹತ್ತಿರ ಅನ್ಯವಸ್ತುವಿರುವ ಕಲ್ಲನ್ನು ಹಾಗೆಯೇ ಕುಲುಮೆಗೆ ಹಾಕಿದರೆ ಸೌದೆಗೆ ಕೊಟ್ಟ ಹಣವೂ ಹುಟ್ಟದು. ಆದಕಾರಣ ಮೊದಲು ಅದನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕಲಸಿ, ಕೆಲವು ಎಣ್ಣೆಗಳನ್ನೂ ರಾಸಾಯನಿಕಗಳನ್ನೂ ಹಾಕಿ, ಗಾಳಿಯೂದಿ ನೊರೆಯೆಬ್ಬಿಸುತ್ತಾರೆ. ಲೋಹದ ಖನಿಜದ ಕಣಗಳು ಗುಳ್ಳೆಗಳಿಗೆ ಅಂಟಿಕೊಂಡು ಮೇಲಕ್ಕೆ ತೇಲುತ್ತವೆ. ಬರಿಯ ಕಲ್ಲಿನ ಪುಡಿಯು ತಳಕ್ಕೆ ಮುಳುಗುತ್ತದೆ. ಮೊಸರನ್ನು ಕಡೆದರೆ ಬೆಣ್ಣೆ ಮೇಲೆ ಬರುವಂತೆಯೇ ಇದು. ಆದರೆ ಇಲ್ಲಿ ತೇಲುವುದು ಹಗುರವಾದುದಲ್ಲ, ಭಾರವಾದುದು ಎಂಬುದೇ ಸೋಜಿಗ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆಸ್ಟ್ರೇಲಿಯದ ಬ್ರೋಕನ್ ಹಿಲ್ ಗಣಿಯಲ್ಲಿ ಊರ್ಜಿತವಾದ ಈ ಉಪಾಯದಿಂದ ನೂರಕ್ಕೆ ಒಂದಿದ್ದ ತಾಮ್ರವು ಇಪ್ಪತ್ತರ ಆಸುಪಾಸಿಗೆ ಏರುತ್ತದೆ. ಇಲ್ಲಿಂದ ಮುಂದೆ ಗಂಧಕವನ್ನು ಸುಟ್ಟು, ಕಬ್ಬಿಣವನ್ನು ಕಿಟ್ಟವಾಗಿ ಬೇರೆಮಾಡಿ, ಕೊನೆಗೆ ವಿದ್ಯುತ್ತಿನಿಂದ ಶುದ್ಧಿಗೊಳಿಸಬೇಕು. ಕರ್ನಾಟಕದಲ್ಲಿ ಇದಕ್ಕೆ ತಕ್ಕ ಕಾರ್ಖಾನೆಯಿಲ್ಲದುದರಿಂದ ಇಂಗಳದಾಳಿನ ಸಾಂದ್ರ ಅದಿರನ್ನು ಹೊರಗಿನ ಪ್ರಾಂತಗಳಿಗೆ ಕಳುಹಿಸಬೇಕಾಗುತ್ತಿತ್ತು.

ಹೀಗೆ ಕೆಲವು ದಶಕಗಳು ನಡೆದ ಕೆಲಸವು ತರುವಾಯ ನಿಂತುಹೋಯಿತು. ತಾಮ್ರವು ಮುಗಿಯಿತೇ ಎಂದು ಕೇಳುವವರಿಗೆ ಸರಿಯಾದ ಉತ್ತರವನ್ನು ಕೊಡಬೇಕಾದರೆ ಮೊದಲು ಹೇಳಿದ ಎರಡು ಮಾತುಗಳಿಗೆ ಹಿಂದಿರುಗಬೇಕು: ಅದಿರಿನಲ್ಲಿ ತಾಮ್ರವು ನೂರಕ್ಕೆ ಒಂದರ ಆಸುಪಾಸು, ಅದಿರಿನ ಪಟ್ಟೆಗಳು ಕಿರಿದು. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ತಾಮ್ರವಿರುವ ಕಲ್ಲನ್ನು ಲಾಭದಿಂದ ತೆಗೆಯುತ್ತಿದ್ದಾರೆ. ಲೋಕದಲ್ಲಿ ಅತ್ಯಧಿಕವಾಗಿ ತಾಮ್ರವನ್ನು ತೆಗೆಯುವ ದೇಶವೇ ಅದು. ಅಲ್ಲಿ ಸಾಗುವುದು ಇಲ್ಲಿ ಏಕೆ ಸಾಗದು? ಅಲ್ಲಿಯ ಅದಿರು ಇಡಿಯ ಬೆಟ್ಟವಾಗಿ ನಿಂತಿದೆ. ಮೇಲಿನಿಂದಲೇ ಬಾಯಿತೆರೆದ ಹೊಂಡವನ್ನು ತೋಡಿ, ದೈತ್ಯಯಂತ್ರಗಳಿಂದ ಬಾಚಿ ಸಾಗಿಸಬಹುದು. ಇಲ್ಲಿಯಾದರೋ ಕಿರಿದಾದ ಪಟ್ಟೆಯನ್ನು ಬೆನ್ನಟ್ಟಿ ಪಾತಾಳಕ್ಕೆ ಇಳಿಯಬೇಕು. ಸುರಂಗ ಕೊರೆಯಬೇಕು, ಆನಿಕೆ ಕೊಡಬೇಕು, ನೀರೆತ್ತಬೇಕು, ಗಾಳಿಯೂದಬೇಕು. ಒಂದೊಂದು ಅಡಿ ಇಳಿದಂತೆಲ್ಲ ಖರ್ಚು ಏರುತ್ತದೆ; ತಾಮ್ರದ ಬೆಲೆಯಾದರೋ ನಮ್ಮ ಖರ್ಚನ್ನು ನೋಡಿ ಏರುವುದಿಲ್ಲ, ಲೋಕದ ಪೇಟೆಯಲ್ಲಿ ನಿಶ್ಚಯವಾಗುತ್ತದೆ. ಆದುದರಿಂದ ಗಣಿಯು ಮುಚ್ಚುವುದು ಕೊನೆಯ ಕಣವು ಮುಗಿದಾಗಲಲ್ಲ. ಮುಂದಿನ ಕಣವನ್ನು ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರಿದಾಗ. ಇದನ್ನು ತಿಳಿಯದೆ, ಕಲ್ಲಿನಲ್ಲಿ ಹಸುರುಕಲೆಯನ್ನು ಕಂಡು ಐಶ್ವರ್ಯದ ಕನಸು ಕಾಣುವುದೂ ತಪ್ಪು. ಗಣಿ ಮುಚ್ಚಿದ್ದನ್ನು ಕಂಡು ಭೂವಿಜ್ಞಾನಿಗಳನ್ನು ಹಳಿಯುವುದೂ ತಪ್ಪು.

ಗಣಿಯು ಮುಚ್ಚಿದ ಮೇಲೆ ಊರಿನಲ್ಲಿ ಉಳಿಯುವುದೇನು? ಗಣಿಯ ಕೂಲಿಯನ್ನು ನಂಬಿದ ಮನೆಗಳು ಬೇರೆ ಉದ್ಯೋಗವನ್ನು ಅರಸಬೇಕು. ಅರೆದು ಬಿಟ್ಟ ಕಲ್ಲಿನ ಹುಡಿಯ ರಾಶಿಯು ಉಳಿಯುತ್ತದೆ. ಮಳೆಯು ಸ್ವರ್ಣಮಾಕ್ಷಿಕವನ್ನು ಹೇಗೆ ಆಮ್ಲವಾಗಿಸುತ್ತದೆಂಬುದನ್ನು ಆಗಲೇ ಕೇಳಿದಿರಿ. ಪ್ರಕೃತಿಯು ಬಂಡೆಯೊಳಗೆ ನಿಧಾನವಾಗಿ ಮಾಡುವ ಆ ಕೆಲಸವು ಹುಡಿಯ ರಾಶಿಯಲ್ಲಿ ಬೇಗನೆ ನಡೆಯುತ್ತದೆ. ಆದುದರಿಂದ ಇಂತಹ ರಾಶಿಗಳು ಎಲ್ಲಿದ್ದರೂ ಅವನ್ನು ಹೊದಿಸಿ, ಅವುಗಳ ನೀರು ಕೆರೆಬಾವಿಗಳಿಗೆ ಇಳಿಯದಂತೆ ಕಾಯುವುದು ಅದಿರನ್ನು ತೆಗೆ‌ಯುವಷ್ಟೇ ಮುಖ್ಯವಾದ ಕರ್ತವ್ಯ. ಕಲ್ಲನ್ನು ತೆಗೆದವರ ಲೆಕ್ಕದ ಪುಸ್ತಕದಲ್ಲಿ ಈ ಖರ್ಚೂ ಮೊದಲಿನಿಂದಲೇ ಸೇರಿರಬೇಕು.

ಈಗ ಚಿತ್ರದುರ್ಗದ ಗುಡ್ಡಗಳ ಸಾಲಿನಲ್ಲಿ ಗಾಳಿಯಿಂದ ವಿದ್ಯುತ್ತನ್ನು ಹುಟ್ಟಿಸುವ ಯಂತ್ರಗಳು ತಿರುಗುತ್ತಿವೆ. ಅಂತಹ ಒಂದೊಂದು ಯಂತ್ರದಲ್ಲಿಯೂ ಅದರ ತಂತಿಗಳಲ್ಲಿಯೂ ಟನ್ನುಗಟ್ಟಲೆ ತಾಮ್ರವು ಬೇಕು. ಭಾರತವು ತನಗೆ ಬೇಕಾದ ತಾಮ್ರದ ಅದಿರಿನ ಬಹುಭಾಗವನ್ನು ಇಂದು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ತಾಮ್ರದ ಗುಡ್ಡದ ನೆರೆಯಲ್ಲಿಯೇ ದೂರದೇಶದ ತಾಮ್ರವು ಬಂದು ತಿರುಗುವ ಕಾಲವಿದು. ಲೋಹದ ಆವಶ್ಯಕತೆಯು ಹೆಚ್ಚುತ್ತಿದೆಯೇ ಹೊರತು ತಗ್ಗುತ್ತಿಲ್ಲ.

ಹಾಗಾದರೆ ಗಣಿಯಿಲ್ಲದ ನಾವು ಮಾಡತಕ್ಕುದೇನು? ಒಂದು ಚಿಕ್ಕ ಲೆಕ್ಕವನ್ನು ಹಾಕೋಣ. ನೂರಕ್ಕೆ ಒಂದರಂತೆ ತಾಮ್ರವಿರುವ ಕಲ್ಲಿನಿಂದ ಇಪ್ಪತ್ತು ಕಿಲೋಗ್ರಾಂ ತೂಕದ ಅಡಿಕೆಯ ಹಂಡೆಯನ್ನು ಮಾಡಬೇಕಾದರೆ, ಎಳ್ಳಷ್ಟೂ ನಷ್ಟವಾಗದಿದ್ದರೂ, ಎರಡು ಸಾವಿರ ಕಿಲೋಗ್ರಾಂ ಕಲ್ಲನ್ನು ಒಡೆಯಬೇಕು. ಒಂದು ಕಿಲೋಗ್ರಾಂ ಮೈಲುತುತ್ತದಲ್ಲಿ ತಾಮ್ರವಿರುವುದು ಕಾಲು ಕಿಲೋಗ್ರಾಮಿನಷ್ಟು. ಅದಕ್ಕೆ ಇಪ್ಪತ್ತೈದು ಕಿಲೋಗ್ರಾಂ ಕಲ್ಲು ಬೇಕು. ಆದರೆ ಈ ಎರಡು ತಾಮ್ರಗಳಿಗೂ ಒಂದು ದೊಡ್ಡ ಅಂತರವಿದೆ. ಹಂಡೆಯ ತಾಮ್ರವು ಕೂಡಿಯೇ ಇರುತ್ತದೆ. ಅದು ತೂತಾದರೂ, ನೆಗ್ಗಿದರೂ, ಕರಗಿಸಿ ಮತ್ತೆ ಹಂಡೆಯನ್ನೋ ತಂತಿಯನ್ನೋ ಮಾಡಬಹುದು. ಲೋಹವು ಎಷ್ಟು ಬಾರಿ ಕರಗಿದರೂ ಮುಪ್ಪಾಗುವುದಿಲ್ಲ. ಅಟ್ಟದ ಮೇಲಿನ ಒಡಕು ಹಂಡೆಯು ಇಂಗಳದಾಳಿನ ಯಾವ ಪಟ್ಟೆಗಿಂತಲೂ ಶ್ರೀಮಂತವಾದ ಅದಿರು. ಅದಕ್ಕೆ ಸುರಂಗವೂ ಬೇಡ, ಅರೆಯುವ ಯಂತ್ರವೂ ಬೇಡ. ತೋಟಕ್ಕೆ ಎರಚಿದ ತಾಮ್ರವಾದರೋ ಮಣ್ಣಿನಲ್ಲಿ ಚದರಿಹೋಗುತ್ತದೆ. ಅದನ್ನು ಮತ್ತೆ ಕೂಡಿಸುವವರು ಯಾರೂ ಇಲ್ಲ. ಅದು ಅಲ್ಲಿಯೇ ವರ್ಷದಿಂದ ವರ್ಷಕ್ಕೆ ಸೇರುತ್ತ ಹೋಗುತ್ತದೆ. ಬೆಳೆಯನ್ನು ಉಳಿಸುವುದಕ್ಕೆ ಬೇಕಾದಷ್ಟು ಎರಚುವುದು ವಿವೇಕ. ಸಿಂಪಡಿಸುವ ಕಾಲವನ್ನು ತಪ್ಪಿಸಿ, ಅಳತೆಗೆಟ್ಟು, ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಸುರಿಯುವುದು ತೋಟಕ್ಕೂ ಲಾಭವಲ್ಲ, ನಾಡಿಗೂ ಲಾಭವಲ್ಲ.

ಕಡಲತಳದ ಬಿಸಿನೀರು, ಭೂಮಿಯ ಒತ್ತಡ, ಸಹಸ್ರಾರು ಮಳೆಗಾಲಗಳು ಇವೆಲ್ಲ ಸೇರಿ ೨೭೦ ಕೋಟಿ ವರ್ಷಗಳಲ್ಲಿ ನಮಗಾಗಿ ಕೂಡಿಟ್ಟುದು ಕಲ್ಲಿನ ನೂರು ಪಾಲಿನಲ್ಲಿ ಒಂದು ಪಾಲು. ಉಳಿದ ತೊಂಬತ್ತೊಂಬತ್ತನ್ನು ಕಳೆದು ಅದನ್ನು ಶುದ್ಧವಾದ ಲೋಹವಾಗಿಸಿದುದು ಗಣಿಯ ಕತ್ತಲೆಯಲ್ಲಿ ದುಡಿದವರ ಬೆವರು. ಹೀಗೆ ಕೂಡಿದುದನ್ನು ಕೂಡಿರುವಂತೆಯೇ ಇಟ್ಟುಕೊಳ್ಳುವುದೂ, ಚದರಿಸಲೇಬೇಕಾದಲ್ಲಿ ಅಳತೆಯರಿತು ಚದರಿಸುವುದೂ ಮಂಡಗದ್ದೆಯ ತೋಟಿಗನಿಂದ ಹಿಡಿದು ನಗರದ ಕಾರ್ಖಾನೆಯ ಒಡೆಯನವರೆಗೆ ಎಲ್ಲರ ಕೈಯಲ್ಲಿಯೂ ಇರುವ ಕೆಲಸ. ಇಂಗಳದಾಳಿನ ಗುಡ್ಡವು ನಮಗೆ ತಾಮ್ರದೊಡನೆ ಕೊಟ್ಟ ಪಾಠ ಇದೇ ಎಂದು ಹೇಳಿ ನನ್ನ ಭಾಷಣವನ್ನು ಮುಗಿಸುತ್ತೇನೆ.